ಫಾರ್ಮ್ಯಾಟ್ ಮಾಡಿಬಿಡೋಣ ಸಾರ್

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಬರುವ ಕಾಯಿಲೆ ನೂರಿದ್ದರೂ ನಮ್ಮ ಕಡೆ ಅದಕ್ಕೆ ಮದ್ದು ಒಂದೇ. ಆನ್ ಆಗುವಷ್ಟರಲ್ಲಿ ಕಾಫಿ ಕುಡಿದು ಮುಗಿಯುತ್ತದೆ ಎನ್ನಿ, ಪ್ರಿಂಟರ್ ಹೇಳಿದ ಮಾತು ಕೇಳುವುದಿಲ್ಲ ಎನ್ನಿ, ಇದ್ದಕ್ಕಿದ್ದಂತೆ ಪರದೆ ನೀಲಿಯಾಯಿತು ಎನ್ನಿ, ಬೆನ್ನಿಗೆ ಚೀಲ ಏರಿಸಿಕೊಂಡು ಬೈಕಿನಲ್ಲಿ ಬಂದ ಹುಡುಗ ಮೌಸನ್ನು ಎರಡು ಸಲ ಅಲ್ಲಾಡಿಸುತ್ತಾನೆ, ಕ್ಯಾಬಿನೆಟ್ಟಿನ ಮೇಲೆ ಒಮ್ಮೆ ತಟ್ಟುತ್ತಾನೆ, ಆಮೇಲೆ ತೀರ್ಪು ಕೊಡುತ್ತಾನೆ: "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್." ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. "ಡೇಟಾ ಹೋಗುತ್ತೇನಪ್ಪ?" ಎಂದು ಯಾರೋ ಸಣ್ಣ ದನಿಯಲ್ಲಿ ಕೇಳುತ್ತಾರೆ. "ಸಿ ಡ್ರೈವಲ್ಲಿರೋದು ಮಾತ್ರ ಸಾರ್. ಡಿ, ಇ ಎಲ್ಲ ಹಾಗೇ ಇರತ್ತೆ" ಎಂಬ ಅಭಯ ಸಿಗುತ್ತದೆ. ನಾವು ಇರುವುದನ್ನೆಲ್ಲ ತಂದು ಹಾಕುವುದು ಡೆಸ್ಕ್‌ಟಾಪಿನ ಮೇಲೆ, ಆ ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ ಎಂಬ ಸತ್ಯ ಹೊಳೆಯುವುದು ಮಾರನೆಯ ದಿನ.

ಆ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಕಾಯಿಲೆ ಏನೆಂದು ಪತ್ತೆ ಹಚ್ಚಲು ಅವನು ಎರಡು ಗಂಟೆ ಕೂತರೆ ಆ ಎರಡು ಗಂಟೆಗೆ ಕಾಸು ಬಿಚ್ಚುವವರು ಯಾರು? "ಏನೂ ಮಾಡಲಿಲ್ಲವಲ್ಲಪ್ಪ, ಸುಮ್ಮನೆ ನೋಡಿದೆ ಅಷ್ಟೇ" ಎಂದು ಒಂದು ಲೋಟ ಕಾಫಿ ಕೊಟ್ಟು ಕಳಿಸುತ್ತೇವೆ. ಫಾರ್ಮ್ಯಾಟ್ ಆದರೆ ಹಾಗಲ್ಲ. ಕೆಲಸ ಕಣ್ಣಿಗೆ ಕಾಣುತ್ತದೆ, ಯಂತ್ರ ಒಂದಷ್ಟು ದಿನ ಹೊಸದರಂತೆ ಓಡುತ್ತದೆ, ದರವೂ ಬೀದಿಗೆಲ್ಲ ಗೊತ್ತಿರುವ ದರ. ನೋಡುವುದಕ್ಕೆ ಬೆಲೆಯಿಲ್ಲ, ಅಳಿಸುವುದಕ್ಕೆ ಬೆಲೆಯಿದೆ. ಅದಕ್ಕೇ ಅವನು ಅಳಿಸುತ್ತಾನೆ. ಕೂತು ನೋಡುವ ಪುರುಸೊತ್ತು ಇರುವುದು ಯಂತ್ರದ ಯಜಮಾನರಿಗೆ ಮಾತ್ರ. ನೋಡಲು ಬೇಕಾದ ಸಲಕರಣೆಗಳಲ್ಲಿ ಮುಕ್ಕಾಲು ಪಾಲು ಆ ಪೆಟ್ಟಿಗೆಯೊಳಗೇ ಇವೆ, ಉಳಿದವು ಪುಕ್ಕಟೆ ಸಿಗುತ್ತವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರು ಕಂಪ್ಯೂಟರ್ ಕಂಡಿರಲಿಕ್ಕಿಲ್ಲ, ಅದರ ಯಜಮಾನರನ್ನು ಮಾತ್ರ ಚೆನ್ನಾಗಿ ಬಲ್ಲವರು.

ನಮ್ಮ ಬೀದಿಯಲ್ಲಿ ನನಗೆ "ಕಂಪ್ಯೂಟರ್ ಗೊತ್ತಿರೋರು" ಎಂಬ ಬಿರುದಿದೆ. ನನ್ನ ಅರ್ಹತೆ ಇಷ್ಟೇ: ಪರದೆಯ ಮೇಲೆ ಏನಾದರೂ ಬಂದರೆ ಓಕೆ ಒತ್ತುವ ಮುಂಚೆ ಅದನ್ನು ಓದುತ್ತೇನೆ. ಈ ಒಂದು ವಿದ್ಯೆಯಿಂದ ನಾಲ್ಕು ಮನೆಗಳಲ್ಲಿ ಚಕ್ಕುಲಿ, ಕೋಡುಬಳೆಗಳ ಗೌರವ ಸಂಪಾದಿಸಿದ್ದೇನೆ.

ದೂರುಗಳಲ್ಲೆಲ್ಲ ಹಿರಿಯದು "ಸ್ಲೋ ಆಗಿದೆ" ಎಂಬುದು. ಅದಕ್ಕೆ ಮೊದಲು ಮಾಡಬೇಕಾದ್ದು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತುವುದು. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಮೈಕ್ರೋಸಾಫ್ಟಿನಲ್ಲಿ ಕೆಲಸಕ್ಕಿದ್ದ ಡೇವ್ ಪ್ಲಮರ್ ಎಂಬ ಎಂಜಿನಿಯರ್ ಇದನ್ನು ತನ್ನ ಖುಷಿಗೆಂದು ಮನೆಯಲ್ಲಿ ಕೂತು ಬರೆಯಲು ಶುರುಮಾಡಿದ. ಕಂಪನಿ ಅದನ್ನು ಮೆಚ್ಚಿ 1996ರ ವಿಂಡೋಸ್ ಎನ್‌ಟಿ 4.0ರೊಳಗೆ ಸೇರಿಸಿಕೊಂಡಿತು. ಇಂದು ಅದು ಪ್ರತಿ ವಿಂಡೋಸ್ ಯಂತ್ರದಲ್ಲೂ ಮೂರು ಕೀಲಿಗಳ ದೂರದಲ್ಲಿ ಕೂತಿದೆ. ನಮ್ಮಲ್ಲಿ ಬಹಳ ಮಂದಿ ಅದನ್ನು ತೆರೆಯುವುದು ಏನಾದರೂ ಹೆಪ್ಪುಗಟ್ಟಿ ನಿಂತಾಗ, ಅದರ ಕತ್ತು ಹಿಸುಕಲು ಮಾತ್ರ. ಯಾರನ್ನೂ ಕೊಲ್ಲದೆ ಸುಮ್ಮನೆ ನೋಡಲಿಕ್ಕೂ ತೆರೆಯಬಹುದು. ಸಿಪಿಯು, ಮೆಮೊರಿ, ಡಿಸ್ಕ್ ಎಂಬ ತಲೆಬರಹಗಳ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ ಹೆಚ್ಚು ತಿನ್ನುವವರು ಸಾಲಾಗಿ ಮೇಲೆ ಬಂದು ನಿಲ್ಲುತ್ತಾರೆ. ಹತ್ತರಲ್ಲಿ ಎಂಟು ಸಲ ಮೇಲೆ ನಿಂತಿರುವುದು ಬ್ರೌಸರ್. ಮುಂದಿನ ಜನ್ಮಕ್ಕೂ ಆಗುವಷ್ಟು ಟ್ಯಾಬುಗಳನ್ನು ತೆರೆದಿಟ್ಟುಕೊಂಡು ಯಂತ್ರ ನಿಧಾನ ಎನ್ನುವ ನನ್ನ ಭಾವನಿಗೆ ಇದನ್ನು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಅಯ್ಯೋ, ಇದರಲ್ಲಿ ಯಾವುದನ್ನೂ ಮುಚ್ಚೋ ಹಾಗಿಲ್ಲ, ಎಲ್ಲ ಓದಬೇಕು" ಎಂದರು. ರೋಗ ಗೊತ್ತಾಯಿತು, ರೋಗಿಗೆ ವಾಸಿಯಾಗಲು ಇಷ್ಟವಿರಲಿಲ್ಲ.

ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ಸ್ಟಾರ್ಟಪ್ ಎಂಬ ಪಟ್ಟಿಯಿದೆ. ಯಂತ್ರ ಎದ್ದ ಕೂಡಲೇ ತಾವೂ ಏಳುತ್ತೇವೆಂದು ಹಟ ಹಿಡಿದ ತಂತ್ರಾಂಶಗಳ ಹೆಸರುಗಳು ಅಲ್ಲಿವೆ. ಪಕ್ಕದ ಮನೆಯ ಮೇಷ್ಟ್ರ ಯಂತ್ರದಲ್ಲಿ ಈ ಪಟ್ಟಿ ಪರದೆಯಿಂದಾಚೆಗೂ ಇಳಿದುಹೋಗಿತ್ತು. ಯಾವುದೋ ಕಾಲದಲ್ಲಿ ಮಾರಿಬಿಟ್ಟ ಪ್ರಿಂಟರಿನ ಸಹಾಯಕ, ಮೊಮ್ಮಗ ರಜೆಯಲ್ಲಿ ಹಾಕಿಹೋದ ಆಟದ ಅಂಗಡಿ, ಒಂದೇ ಒಂದು ಮೀಟಿಂಗಿಗಾಗಿ ಇಳಿಸಿಕೊಂಡ ಮೂರು ಬಗೆಯ ವಿಡಿಯೋ ಕರೆಗಳು. ಪ್ರತಿಯೊಂದರ ಮೇಲೂ ಬಲಗುಂಡಿ ಒತ್ತಿ ಡಿಸೇಬಲ್ ಎಂದರೆ ಸಾಕು. ತಂತ್ರಾಂಶ ಅಳಿಯುವುದಿಲ್ಲ, ಕರೆದಾಗ ಮಾತ್ರ ಬರುತ್ತದೆ. ಇನ್ನೂ ಆಳಕ್ಕೆ ಇಳಿಯಬೇಕೆನ್ನುವವರಿಗೆ ಆಟೋರನ್ಸ್ ಎಂಬ ಪುಕ್ಕಟೆ ಸಲಕರಣೆಯಿದೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ 1996ರಲ್ಲಿ ಶುರುಮಾಡಿದ ಸಿಸ್‌ಇಂಟರ್ನಲ್ಸ್ ಬಳಗದ್ದು ಅದು. ಹೊರಗಿನ ಈ ಇಬ್ಬರು ವಿಂಡೋಸಿನ ಒಳಗನ್ನು ಎಷ್ಟು ಚೆನ್ನಾಗಿ ಬಗೆದು ನೋಡಿದ್ದರೆಂದರೆ 2006ರಲ್ಲಿ ಮೈಕ್ರೋಸಾಫ್ಟ್ ಅವರ ಕಂಪನಿಯನ್ನೇ ಕೊಂಡುಕೊಂಡಿತು. ಸಲಕರಣೆಗಳು ಈಗಲೂ ಪುಕ್ಕಟೆ.

ಮೇಷ್ಟ್ರದು ಇನ್ನೊಂದು ತಕರಾರಿತ್ತು. "ದಿನಾ ರಾತ್ರಿ ಶಟ್‌ಡೌನ್ ಮಾಡಿಯೇ ಮಲಗ್ತೀನಿ ಕಣ್ರೀ. ಆದರೂ ಬೆಳಿಗ್ಗೆ ಸುಸ್ತಾದವರ ಹಾಗೆ ಆಡುತ್ತೆ." ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್ ಟೈಮ್ ಎಂಬ ಲೆಕ್ಕವಿದೆ, ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆ ಎಂದು ತಿಳಿಸುವುದು. ಮೇಷ್ಟ್ರ ಯಂತ್ರ ತಿಂಗಳಿಗೂ ಮೇಲೆ ಕಣ್ಣು ಮುಚ್ಚಿರಲಿಲ್ಲ. ಗುಟ್ಟು ಇರುವುದು ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಟಿನಲ್ಲಿ. ಶಟ್‌ಡೌನ್ ಒತ್ತಿದಾಗ ನಮ್ಮ ಕಡತಗಳೇನೋ ಮುಚ್ಚಿಕೊಳ್ಳುತ್ತವೆ, ವಿಂಡೋಸಿನ ತಿರುಳು ಮಾತ್ರ ತಾನಿದ್ದ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ. ಬೆಳಿಗ್ಗೆ ಅದನ್ನೇ ಓದಿಕೊಂಡು ಬೇಗ ಏಳುತ್ತದೆ. ನಿನ್ನೆಯ ತಲೆನೋವೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಒತ್ತಿದರೆ ಹಾಗಾಗುವುದಿಲ್ಲ, ಎಲ್ಲವೂ ಮೊದಲಿಂದ ಶುರುವಾಗುತ್ತದೆ. "ಅಂದರೆ ಆರಿಸೋದಕ್ಕಿಂತ ಮತ್ತೆ ಹಚ್ಚೋದರಲ್ಲೇ ಅದು ಪೂರ್ತಿ ಆರುತ್ತೆ ಅಂತಲೋ?" ಎಂದರು ಮೇಷ್ಟ್ರು. ಹೌದು ಎಂದೆ. "ಇದನ್ನು ಶಂಕರಾಚಾರ್ಯರೇ ವಿವರಿಸಬೇಕು" ಎಂದು ಎದ್ದು ಹೋದರು. ಆದರೂ ಈಗ ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡುತ್ತಾರೆ, ತಲೆನೋವು ಕಡಿಮೆಯಾಗಿದೆ.

ಎರಡನೆಯ ದೊಡ್ಡ ದೂರು "ಜಾಗ ಇಲ್ಲ." ಸಿ ಡ್ರೈವಿನ ಪಟ್ಟಿ ಕೆಂಪಗಾಗಿರುತ್ತದೆ, ಪಕ್ಕದಲ್ಲಿ ಇ ಡ್ರೈವ್ ಸೈಟು ಕೊಂಡು ಮನೆ ಕಟ್ಟದವರ ಬಡಾವಣೆಯ ಹಾಗೆ ಖಾಲಿ ಬಿದ್ದಿರುತ್ತದೆ. ಇದಕ್ಕೆ ವಿಂಡೋಸಿನಲ್ಲೇ ಡಿಸ್ಕ್ ಕ್ಲೀನಪ್ ಇದೆ, ವಿಂಡೋಸ್ 10ರಿಂದೀಚೆಗೆ ಸ್ಟೋರೇಜ್ ಸೆನ್ಸ್ ಎಂಬ ಸ್ವಯಂಚಾಲಿತ ವ್ಯವಸ್ಥೆಯೂ ಇದೆ. ಹಳೆಯ ಅಪ್‌ಡೇಟುಗಳ ಉಳಿಕೆ, ತಾತ್ಕಾಲಿಕ ಕಡತ, ಕಸದ ಬುಟ್ಟಿ ಎಲ್ಲವನ್ನೂ ಅವು ಗುಡಿಸುತ್ತವೆ. ಡೌನ್‌ಲೋಡ್ಸ್ ಎಂಬ ಸಾಲಿನ ಮುಂದೆ ಮಾತ್ರ ಯೋಚಿಸದೆ ಟಿಕ್ ಹಾಕಬಾರದು. ನಮ್ಮ ಜನರ ಜಾತಕ, ಖಾತಾ ಪತ್ರ, ಎಲ್‌ಐಸಿ ರಸೀದಿಗಳು ವಾಸವಾಗಿರುವುದು ಅಲ್ಲೇ.

ಜಾಗ ತಿಂದವರು ಯಾರೆಂದು ಕಣ್ಣಾರೆ ಕಾಣಬೇಕಾದರೆ ವಿನ್‌ಡಿರ್‌ಸ್ಟ್ಯಾಟ್ ಎಂಬ ಪುಕ್ಕಟೆ ತಂತ್ರಾಂಶ ಬಳಸಬೇಕು. ಇಡೀ ಡಿಸ್ಕನ್ನು ಅದು ಬಣ್ಣಬಣ್ಣದ ಚೌಕಗಳಾಗಿ ಹಾಸುತ್ತದೆ. ದೊಡ್ಡ ಕಡತಕ್ಕೆ ದೊಡ್ಡ ಚೌಕ. ಈ ಬಗೆಯ ಚಿತ್ರ ಹುಟ್ಟಿದ್ದೇ ಜಾಗದ ಜಗಳದಿಂದ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ 80 ಮೆಗಾಬೈಟಿನ ಒಂದು ಡಿಸ್ಕನ್ನು 14 ಮಂದಿ ಹಂಚಿಕೊಂಡಿದ್ದರು, ಅದು ಯಾವಾಗಲೂ ತುಂಬಿಯೇ ಇರುತ್ತಿತ್ತು. ಯಾರ ಕಡತ ಎಷ್ಟು ಜಾಗ ಹಿಡಿದಿದೆ ಎಂದು ಒಂದೇ ನೋಟಕ್ಕೆ ತೋರಿಸುವ ದಾರಿ ಹುಡುಕುತ್ತ ಪ್ರೊಫೆಸರ್ ಬೆನ್ ಶ್ನೀಡರ್‌ಮನ್ 1990ರಲ್ಲಿ ಟ್ರೀಮ್ಯಾಪ್ ರೂಪಿಸಿದರು. ಇಂದು ನಮ್ಮ ಚಿಕ್ಕಮ್ಮನ ಒಂದು ವಾರದ ವಾಟ್ಸಾಪ್ ವಿಡಿಯೋಗಳಿಗೆ 80 ಮೆಗಾಬೈಟ್ ಸಾಲದು. ಅವರ ಯಂತ್ರದಲ್ಲಿ ಆ ಚಿತ್ರ ತೆಗೆದು ನೋಡಿದರೆ ಕಂಡದ್ದು ಒಂದೇ ಮದುವೆಯ ಫೋಟೋಗಳು ಮೂರು ಕಡೆ, ಸೂರ್ಯೋದಯ ಸಹಿತ ಶುಭೋದಯಗಳ ಒಂದು ಮಹಾಸಾಗರ, ಒಂದೇ ಕರೆಂಟ್ ಬಿಲ್ಲಿನ ಆರೇಳು ಪ್ರತಿ. ಬಿಲ್ಲು ಎಲ್ಲಿ ಇಳಿಯಿತೆಂದು ಕಾಣದಾಗಲೆಲ್ಲ ಮತ್ತೊಮ್ಮೆ ಇಳಿಸಿಕೊಂಡಿದ್ದರು. ಅಳಿಸುವಾಗ ಪಾಲಿಸಬೇಕಾದ ನಿಯಮ ಸರಳ: ನೀವೇ ತಂದದ್ದನ್ನು ನೀವು ಅಳಿಸಬಹುದು, ವಿಂಡೋಸ್ ಎಂಬ ಫೋಲ್ಡರಿನೊಳಗೆ ಹೆಸರು ಗೊತ್ತಿಲ್ಲದ್ದು ಎಷ್ಟೇ ದಪ್ಪವಾಗಿದ್ದರೂ ಮುಟ್ಟಬಾರದು.

ವಿಂಡೋಸ್ 98ರ ಕಾಲದವರಿಗೆ ಡಿಫ್ರಾಗ್ ಎಂಬ ಪುಣ್ಯಕಾರ್ಯ ನೆನಪಿರಬೇಕು. ಪುಟ್ಟ ಪುಟ್ಟ ಬಣ್ಣದ ಚೌಕಗಳು ಒಂದೊಂದಾಗಿ ಜಾಗ ಬದಲಿಸುವುದನ್ನು ನೋಡುತ್ತ ಮಧ್ಯಾಹ್ನ ಕಳೆದವರು ನಮ್ಮಲ್ಲಿ ಅನೇಕರಿದ್ದಾರೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಕಡತದ ತುಂಡುಗಳು ಚದುರಿದ್ದರೆ ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ತುಂಡುಗಳನ್ನು ಒಟ್ಟು ಮಾಡಿದರೆ ಓಡಾಟ ತಪ್ಪುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಮುಳ್ಳೂ ಇಲ್ಲ. ಅದನ್ನು ಹಳೆಯ ಕ್ರಮದಲ್ಲಿ ಒಟ್ಟುಗೂಡಿಸುತ್ತ ಕೂತರೆ ಲಾಭವಿಲ್ಲದೆ ಸವೆತ ಮಾತ್ರ. ಈ ವ್ಯತ್ಯಾಸ ಇಂದಿನ ವಿಂಡೋಸಿಗೆ ಗೊತ್ತು. ಹಳೆಯ ಡಿಸ್ಕಾದರೆ ಒಟ್ಟುಗೂಡಿಸುತ್ತದೆ, ಎಸ್‌ಎಸ್‌ಡಿಯಾದರೆ ಯಾವ ಜಾಗ ಖಾಲಿಯಾಗಿದೆ ಎಂದು ಅದಕ್ಕೆ ತಿಳಿಸುವ ಟ್ರಿಮ್ ಎಂಬ ಕೆಲಸ ಮಾಡುತ್ತದೆ, ಅದೂ ವಾರಕ್ಕೊಮ್ಮೆ ತಾನಾಗಿ. ಇದಕ್ಕಾಗಿ ಬೇರೆ ತಂತ್ರಾಂಶಕ್ಕೆ ದುಡ್ಡು ಕೊಡುವುದು ದಂಡ. ದುಡ್ಡು ಖರ್ಚು ಮಾಡಲೇಬೇಕೆಂಬ ಆಸೆಯಿದ್ದರೆ ಹಳೆಯ ಹಾರ್ಡ್ ಡಿಸ್ಕಿನ ಜಾಗಕ್ಕೆ ಒಂದು ಎಸ್‌ಎಸ್‌ಡಿ ಹಾಕಿಸಿ. ಬೈಕಿನ ಹುಡುಗನೂ ಅದನ್ನು ಸಂತೋಷದಿಂದ ಮಾಡಿಕೊಡುತ್ತಾನೆ.

ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಬಹಳ ಸಲ ಸೂಚನೆ ಕೊಡುತ್ತದೆ. ತನ್ನ ಆರೋಗ್ಯದ ಲೆಕ್ಕವನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ತಾನೇ ಬರೆದಿಟ್ಟುಕೊಂಡಿರುತ್ತದೆ: ಎಷ್ಟು ಗಂಟೆ ಓಡಿತು, ಎಷ್ಟು ಬಿಸಿಯಾಯಿತು, ಕೆಟ್ಟುಹೋದ ಎಷ್ಟು ಕೋಣೆಗಳಿಗೆ ಬದಲಿ ಕೊಟ್ಟಿತು. ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಪುಕ್ಕಟೆ ತಂತ್ರಾಂಶ ಆ ಲೆಕ್ಕವನ್ನು ಓದಿ ನೀಲಿ, ಹಳದಿ, ಕೆಂಪಿನಲ್ಲಿ ಫಲಿತಾಂಶ ಹೇಳುತ್ತದೆ. ಹಳದಿ ಕಂಡರೆ ಆ ದಿನವೇ ಕಡತಗಳನ್ನು ಬೇರೆಡೆಗೆ ಸಾಗಿಸಬೇಕು. ಇಂಥ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮತ್ತೆ ವಿಂಡೋಸ್ ಹಾಕಿದರೆ ಯಂತ್ರ ಓಡುತ್ತದೆ, ಮನೆಯವರು ನಗುತ್ತಾರೆ, ಡಿಸ್ಕ್ ಒಳಗೊಳಗೆ ಸಾಯುತ್ತಲೇ ಇರುತ್ತದೆ. ನೋಡದೆ ಅಳಿಸುವ ಪದ್ಧತಿಯ ದೊಡ್ಡ ಅಪಾಯ ಇದೇ.

ನೋಡುವ ಅಭ್ಯಾಸವಿಲ್ಲದವರನ್ನು ಹೆದರಿಸುವುದು ಸುಲಭ. "ನಿಮ್ಮ ಕಂಪ್ಯೂಟರಿನಲ್ಲಿ ಸಾವಿರಾರು ದೋಷಗಳಿವೆ, ಈಗಲೇ ಸರಿಪಡಿಸಿ" ಎಂದು ಕೆಂಪು ಪಟ್ಟಿ ಮಿನುಗಿಸುವ ಕ್ಲೀನರುಗಳು ನಡೆಯುವುದು ಈ ಹೆದರಿಕೆಯ ಮೇಲೆ. ಅವು ಎಣಿಸುವ ದೋಷಗಳು ಹೆಚ್ಚಾಗಿ ರಿಜಿಸ್ಟ್ರಿ ಎಂಬ ವಿಂಡೋಸಿನ ದಫ್ತರದೊಳಗಿನ ಹಳೆಯ ಸಾಲುಗಳು. ಅವು ಇದ್ದರೂ ಯಂತ್ರಕ್ಕೆ ಭಾರವಿಲ್ಲ, ತಪ್ಪಾಗಿ ಕಿತ್ತರೆ ಯಂತ್ರವೇ ಏಳದಿರಬಹುದು. ರಿಜಿಸ್ಟ್ರಿ ಕ್ಲೀನರುಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ಹೆಸರಾಂತ ಕ್ಲೀನರ್ ಆದರೆ ನಂಬಬಹುದಲ್ಲ ಎನ್ನುವವರಿಗೆ 2017ರ ಸಂಗತಿ ಹೇಳಬೇಕು. ಆ ವರ್ಷ ಸಿಕ್ಲೀನರ್ ಎಂಬ ಜಗತ್ಪ್ರಸಿದ್ಧ ತಂತ್ರಾಂಶದ 5.33ನೆಯ ಆವೃತ್ತಿಯೊಳಗೆ, ಅದು ತಯಾರಾಗುವ ಜಾಗದಲ್ಲೇ, ಕಿಡಿಗೇಡಿಗಳು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. 20 ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಅದು ಕಂಪನಿಯ ಸಹಿಯೊಂದಿಗೇ ಇಳಿಯಿತು. ಕಂಪನಿ ಅದನ್ನು ತಿದ್ದಿತು ನಿಜ. ಯಂತ್ರದೊಳಗೆ ಬಿಟ್ಟುಕೊಂಡವರು ಹೆಚ್ಚಿದಷ್ಟೂ ಬಾಗಿಲುಗಳೂ ಹೆಚ್ಚುತ್ತವೆ ಎಂಬ ಪಾಠ ಮಾತ್ರ ಉಳಿಯಿತು.

ಇನ್ನು ಫೋನಿನಲ್ಲಿ ಹೆದರಿಸುವವರ ಕಥೆ. "ಮೈಕ್ರೋಸಾಫ್ಟಿನಿಂದ ಮಾತಾಡ್ತಿದೀವಿ, ನಿಮ್ಮ ಯಂತ್ರದಿಂದ ವೈರಸ್ ಹರಡುತ್ತಿದೆ" ಎಂದು ಶುರುಮಾಡಿ ಈವೆಂಟ್ ವ್ಯೂವರ್ ತೆರೆಸುತ್ತಾರೆ. ಅದು ವಿಂಡೋಸಿನ ದಿನಚರಿ ಪುಸ್ತಕ. ಯಾವ ಸೇವೆ ಒಂದು ಕ್ಷಣ ತಡವಾಯಿತು, ಯಾವ ಡ್ರೈವರ್ ಕೆಮ್ಮಿತು ಎಂಬುದೆಲ್ಲ ಕೆಂಪು, ಹಳದಿ ಗುರುತುಗಳಲ್ಲಿ ಅಲ್ಲಿ ದಾಖಲಾಗುತ್ತಿರುತ್ತದೆ. ಗುಂಡುಕಲ್ಲಿನಂತಿರುವ ಯಂತ್ರದಲ್ಲೂ ಕೆಂಪು ಗುರುತುಗಳು ಇದ್ದೇ ಇರುತ್ತವೆ. ಮೊದಲ ಸಲ ನೋಡಿದವರಿಗೆ ಎದೆ ಒಡೆಯುತ್ತದೆ, ಅಷ್ಟರಲ್ಲಿ ಎಟಿಎಂ ಕಾರ್ಡಿನ ನಂಬರು ಆಚೆ ಹೋಗಿರುತ್ತದೆ. ಇಂಥ ಕರೆಗಳು ನಮ್ಮ ದೇಶದಿಂದಲೇ ಹೊರದೇಶಗಳಿಗೆ ಹೋಗುತ್ತಿದ್ದವು. 2023ರ ಅಕ್ಟೋಬರಿನಲ್ಲಿ ಸಿಬಿಐ ಆಪರೇಷನ್ ಚಕ್ರ-2 ಎಂಬ ಹೆಸರಿನಲ್ಲಿ ದೇಶದ 76 ಕಡೆ ಶೋಧ ನಡೆಸಿದಾಗ ಅದರ ಹಿಂದಿದ್ದ ದೂರುಗಳಲ್ಲಿ ಮೈಕ್ರೋಸಾಫ್ಟಿನದೂ ಒಂದಾಗಿತ್ತು. ಮೈಕ್ರೋಸಾಫ್ಟ್ ಯಾರಿಗೂ ತಾನಾಗಿ ಫೋನ್ ಮಾಡುವುದಿಲ್ಲ. ಅಕಸ್ಮಾತ್ ದುಡ್ಡು ಕಳೆದುಕೊಂಡರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ದೂರದಿಂದ ಯಂತ್ರದೊಳಗೆ ಬರುವುದು ಎಂದೊಡನೆ ಎಲ್ಲವೂ ಮೋಸವಲ್ಲ. ಕ್ಯಾಲಿಫೋರ್ನಿಯದಲ್ಲಿರುವ ಮಗಳು ಮೈಸೂರಿನಲ್ಲಿರುವ ಅಪ್ಪನ ಯಂತ್ರ ನೋಡಬೇಕೆಂದರೆ ವಿಂಡೋಸಿನಲ್ಲೇ ಕ್ವಿಕ್ ಅಸಿಸ್ಟ್ ಇದೆ. ಮಗಳು ಒಂದು ಸಂಕೇತಸಂಖ್ಯೆ ಹೇಳುತ್ತಾಳೆ, ಅಪ್ಪ ಅದನ್ನು ಹಾಕಿ ಒಪ್ಪಿಗೆ ಕೊಡುತ್ತಾರೆ, ಪರದೆ ಅವಳಿಗೆ ಕಾಣುತ್ತದೆ. ಅಲ್ಲಿಯ ರಾತ್ರಿ, ಇಲ್ಲಿಯ ಬೆಳಿಗ್ಗೆ, ನಡುವೆ "ಅಪ್ಪ, ಮೌಸ್ ಬಿಡಿ, ನಾನು ಹಿಡ್ಕೊಂಡಿದೀನಿ" ಎಂಬ ಹಗ್ಗಜಗ್ಗಾಟ. ಸಂಖ್ಯೆ ಹೇಳುತ್ತಿರುವವರು ನಿಮ್ಮ ಮಗಳೇ ಎಂಬುದು ಖಾತ್ರಿಯಾಗಿರಬೇಕು, ಅಷ್ಟೇ.

ವೈರಸ್ ಎಂದರೆ ನಮ್ಮ ಕಡೆ ಪೆನ್‌ಡ್ರೈವ್ ನೆನಪಾಗುತ್ತದೆ. ಜೆರಾಕ್ಸ್ ಅಂಗಡಿಗೆ ಹೋಗಿ ಎರಡು ಪುಟ ಪ್ರಿಂಟ್ ತೆಗೆಸಿಕೊಂಡು ಬರುವಷ್ಟರಲ್ಲಿ ಪೆನ್‌ಡ್ರೈವಿನ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿರುತ್ತವೆ. ಎಲ್ಲ ಹೋಯಿತೆಂದು ಅತ್ತು ಅದನ್ನೂ ಫಾರ್ಮ್ಯಾಟ್ ಮಾಡುತ್ತಾರೆ. ಈ ಜಾತಿಯ ವೈರಸ್ ಸಾಮಾನ್ಯವಾಗಿ ಕಡತಗಳನ್ನು ಅಳಿಸುವುದಿಲ್ಲ, ಅಡಗಿಸುತ್ತದೆ. ಮೊದಲು ವಿಂಡೋಸಿನ ಡಿಫೆಂಡರಿನಿಂದ ಆ ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಬೇಕು. ಆಮೇಲೆ ಕಮಾಂಡ್ ಪ್ರಾಂಪ್ಟಿನಲ್ಲಿ ಆಟ್ರಿಬ್ ಎಂಬ ಹಳೆಯ ಆದೇಶದಿಂದ ಅಡಗಿಸಿದ ಗುರುತುಗಳನ್ನು ತೆಗೆದರೆ ಫೋಲ್ಡರುಗಳು ಒಂದೊಂದಾಗಿ ಎದ್ದು ಬರುತ್ತವೆ. ಡಾಸ್ ಕಾಲದ ಆದೇಶ ಅದು, ಇಂದಿಗೂ ಕೆಲಸ ಮಾಡುತ್ತದೆ. ಡಿಫೆಂಡರ್ ಪೂರ್ಣಪ್ರಮಾಣದ ಆ್ಯಂಟಿವೈರಸ್ಸಾಗಿ ವಿಂಡೋಸಿನೊಂದಿಗೇ ಬರತೊಡಗಿದ್ದು 2012ರ ವಿಂಡೋಸ್ 8ರಿಂದ. ಮನೆಬಳಕೆಯ ಯಂತ್ರಕ್ಕೆ ಅದು ಸಾಕು, ಅಪ್‌ಡೇಟುಗಳನ್ನು ತಡೆಯದಿದ್ದರೆ. ದುಡ್ಡು ಕೊಟ್ಟು ಎರಡು ಆ್ಯಂಟಿವೈರಸ್ ಹಾಕಿಸಿದ ಸಂಬಂಧಿಕರೊಬ್ಬರ ಯಂತ್ರದಲ್ಲಿ ಆ ಎರಡೂ ಒಂದನ್ನೊಂದು ಅನುಮಾನಿಸುತ್ತ ಕೂತಿದ್ದವು, ಬೇರೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ಪುಕ್ಕಟೆ ಎನ್ನುವುದರಲ್ಲೂ ಜಾತಿಗಳಿವೆ. ನಮ್ಮವರಿಗೆ ಚಿರಪರಿಚಿತವಾದದ್ದು ವಿನ್‌ರಾರ್ ಜಾತಿ: 40 ದಿನ ಬಳಸಿ ನೋಡಿ, ಆಮೇಲೆ ದುಡ್ಡು ಕೊಡಿ ಎನ್ನುತ್ತದೆ, ಆ 40 ದಿನ ಮುಗಿದು ಮಕ್ಕಳು ಕಾಲೇಜಿಗೆ ಹೋದರೂ ಅದು ವಿನಯದಿಂದ ನೆನಪಿಸುತ್ತಲೇ ಇರುತ್ತದೆ. ಸಂಕೋಚವೆನಿಸಿದರೆ ಇಗೊರ್ ಪಾವ್ಲೊವ್ 1999ರಲ್ಲಿ ಹೊರತಂದ 7-ಜಿಪ್ ಇದೆ, ಯಾವ ಗಡುವೂ ಇಲ್ಲ. ಸಿನಿಮಾ ನೋಡುವ ವಿಎಲ್‌ಸಿ ಪ್ಯಾರಿಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಕೆಲಸದಿಂದ ಬೆಳೆದದ್ದು. ಪತ್ರ, ಲೆಕ್ಕ ಬರೆಯಲು 2010ರಲ್ಲಿ ಕವಲೊಡೆದು ಬಂದ ಲಿಬ್ರೆ ಆಫೀಸ್ ಇದೆ. ಈ ಮೂರೂ ಮೂಲ ಕೋಡನ್ನೂ ತೆರೆದಿಟ್ಟ ಎರಡನೆಯ ಜಾತಿ. ಇನ್ನೊಂದು ಜಾತಿ ಬೆಲೆ ಕೇಳುವುದಿಲ್ಲ, ಕೋಡನ್ನೂ ತೋರಿಸುವುದಿಲ್ಲ. ನಾಲ್ಕನೆಯದು ಗಾಳದ ಜಾತಿ. ಒಂದೇ ಪುಟದಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಗುಂಡಿಗಳಿದ್ದು, ಯಾವುದನ್ನು ಒತ್ತಿದರೂ ಬೇಕಾದದ್ದರ ಜೊತೆಗೆ ಬೇಡದ ನಾಲ್ಕು ಇಳಿಯುತ್ತವೆ. ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳುವುದು ಇದರಿಂದ ಪಾರಾಗುವ ಉಪಾಯ.

ಫಾರ್ಮ್ಯಾಟಿನ ಏಟು ಎಲ್ಲರಿಗಿಂತ ಗಟ್ಟಿಯಾಗಿ ಬೀಳುವುದು ಕನ್ನಡದಲ್ಲಿ ಬರೆಯುವವರಿಗೆ. ಮೇಷ್ಟ್ರು ಇಪ್ಪತ್ತು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಬರೆದಿಟ್ಟ ಲೇಖನಗಳು ಡಿ ಡ್ರೈವಿನಲ್ಲಿ ಸುರಕ್ಷಿತವಾಗಿದ್ದವು. ಆದರೆ ಹೊಸ ವಿಂಡೋಸ್ ಹಾಕಿದ ಮೇಲೆ ತೆರೆದರೆ ಪುಟದ ತುಂಬ ತಲೆಯ ಮೇಲೆ ಕೊಂಬುಗಳಿರುವ ಇಂಗ್ಲಿಷ್ ಅಕ್ಷರಗಳು. ವೈರಸ್ ಬಡಿಯಿತೆಂದು ಅವರು ಊಟ ಬಿಟ್ಟರು. ಬರಹಕ್ಕೆ ಏನೂ ಆಗಿರಲಿಲ್ಲ, ಫಾರ್ಮ್ಯಾಟಿನಲ್ಲಿ ನುಡಿಯ ಹಳೆಯ ಫಾಂಟ್ ಹೋಗಿತ್ತು. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ಇಲ್ಲವಾದರೆ ಮನೆಯ ಮೂಲ ಮಾಲೀಕರು ಹೊರಗೆ ಬರುತ್ತಾರೆ. ರಾಜ್ಯ ಸರ್ಕಾರಕ್ಕಾಗಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ಉಚಿತ. ಮತ್ತೆ ಹಾಕಿದೊಡನೆ ಲೇಖನಗಳು ಕನ್ನಡವಾದವು. ಆದರೆ ಅಲ್ಲಿಗೇ ನಿಲ್ಲಬಾರದು. ಆ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಬೇಕು, ಅದಕ್ಕೂ ಉಚಿತ ಪರಿವರ್ತಕಗಳಿವೆ. ಕನ್ನಡ 1991ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಇದೆ, ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೆ ಕನ್ನಡವನ್ನು ಒಳಗೆ ಬಿಟ್ಟುಕೊಂಡಿತು. ಯೂನಿಕೋಡಿನಲ್ಲಿ ಬರೆದದ್ದು ಯಾವ ಫಾರ್ಮ್ಯಾಟಿಗೂ ಹೆದರಬೇಕಿಲ್ಲ, ಮೊಬೈಲಿನಲ್ಲೂ ಓದಬಹುದು, ಹುಡುಕಿದರೆ ಸಿಗುತ್ತದೆ. ಕನ್ನಡದ ಎಷ್ಟೋ ಹಸ್ತಪ್ರತಿಗಳು ಇಂದಿಗೂ ಹಳೆಯ ಫಾಂಟುಗಳಲ್ಲಿ ಸಿಕ್ಕಿಕೊಂಡಿವೆ, ಬಿಡಿಸಬೇಕಾದವರು ಬರೆದವರೇ.

ಕೆಲವು ಕಾಯಿಲೆಗಳು ತಂತ್ರಾಂಶದವಲ್ಲ. ಯಂತ್ರ ಆನ್ ಮಾಡಿದಾಗಲೆಲ್ಲ ತಾರೀಕು ಹಿಂದಿನ ಯಾವುದೋ ವರ್ಷಕ್ಕೆ ಜಿಗಿಯುತ್ತಿದ್ದರೆ, ಬ್ಯಾಂಕಿನ ತಾಣ ಸುರಕ್ಷಿತವಲ್ಲ ಎಂದು ಬ್ರೌಸರ್ ಕೂಗುತ್ತಿದ್ದರೆ, ಮದರ್‌ಬೋರ್ಡಿನ ಮೇಲಿನ ಬಿಲ್ಲೆ ಸೆಲ್ ಮುಗಿದಿದೆ ಎಂದರ್ಥ. ಸಿಆರ್ 2032 ಅದರ ಹೆಸರು: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಯಂತ್ರ ಆನ್ ಆಗದೆ ಬೀಪ್ ಬೀಪ್ ಎನ್ನುತ್ತಿದ್ದರೆ ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಗಳಿಂದ ಹಳ್ಳಿಯ ಸೈಬರ್ ಸೆಂಟರಿನವರೆಗೆ ಎಲ್ಲರೂ ಬಲ್ಲ ವಿದ್ಯೆ. ಫ್ಯಾನಿನ ಧೂಳು ತೆಗೆದರೆ ಅರ್ಧ ಸದ್ದು, ಅರ್ಧ ಬಿಸಿ ಇಳಿಯುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಸುಮಾರು 2017ಕ್ಕಿಂತ ಹಿಂದಿನ ಬಹುಪಾಲು ಯಂತ್ರಗಳನ್ನು ವಿಂಡೋಸ್ 11 ತನ್ನ ನಿಯಮದ ಪ್ರಕಾರ ಒಪ್ಪುವುದಿಲ್ಲ. ಹಾಗೆಂದು ಚೆನ್ನಾಗಿ ಓಡುವ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಲಿನಕ್ಸ್ ಮಿಂಟ್ ಇದೆ, ಪುಕ್ಕಟೆ. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು, ಡಿಸ್ಕನ್ನು ಮುಟ್ಟದೆ, ಪ್ರಿಂಟರ್, ವೈಫೈ ಕೆಲಸ ಮಾಡುತ್ತವೆಯೇ ಎಂದು ಮೊದಲು ನೋಡಬಹುದು. ಕನ್ನಡಕ್ಕೆ ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಮುಕ್ತ ಫಾಂಟುಗಳಿವೆ, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ.

ಕೊನೆಗೆ ಬ್ಯಾಕಪ್. ಎಲ್ಲರೂ ಮಾಡಬೇಕೆನ್ನುವ, ಯಾರೂ ಮಾಡದ ಕೆಲಸ. ವಿಂಡೋಸಿನಲ್ಲೇ ಫೈಲ್ ಹಿಸ್ಟರಿ ಇದೆ. ಹೊರಗಿನ ಡಿಸ್ಕೊಂದನ್ನು ಜೋಡಿಸಿ ಆನ್ ಮಾಡಿದರೆ ಕಡತಗಳ ಹೊಸ ಹಳೆಯ ಪ್ರತಿಗಳನ್ನು ತಾನೇ ಎತ್ತಿಡುತ್ತದೆ. ಕಮಾಂಡ್ ಪ್ರಾಂಪ್ಟಿಗೆ ಹೆದರದವರಿಗೆ ರೋಬೊಕಾಪಿ ಇದೆ, ಬದಲಾದದ್ದನ್ನು ಮಾತ್ರ ನಕಲು ಮಾಡುತ್ತದೆ. ಸಿಸ್ಟಮ್ ರಿಸ್ಟೋರ್ ಬ್ಯಾಕಪ್ ಅಲ್ಲ, ಅದು ವಿಂಡೋಸನ್ನು ಹಳೆಯ ಸ್ಥಿತಿಗೆ ಮರಳಿಸುತ್ತದೆಯೇ ಹೊರತು ಅಳಿಸಿದ ಫೋಟೋ ತಂದುಕೊಡುವುದಿಲ್ಲ. ಡಿ ಡ್ರೈವಿಗೆ ನಕಲು ಮಾಡುವುದೂ ಬ್ಯಾಕಪ್ ಅಲ್ಲ, ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಬ್ಯಾಕಪ್ ಆಯಿತೋ ಇಲ್ಲವೋ ಎಂಬುದು ಒಂದು ಕಡತವನ್ನು ಅದರಿಂದ ಮರಳಿ ತೆರೆದು ನೋಡಿದಾಗ ಮಾತ್ರ ಗೊತ್ತಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಫಾರ್ಮ್ಯಾಟೇ ಬೇಕಾಗಬಹುದು. ಆಗ ಧೈರ್ಯವಾಗಿ ಮಾಡಿಸಿ, ಅದೇನೂ ಪಾಪವಲ್ಲ. ಹುಡುಗ ಬಂದಾಗ ಮಾತ್ರ, "ಏನು ಕಾರಣಕ್ಕೆ ಹೀಗಾಗಿದೆ ನೋಡಪ್ಪ, ನೋಡಿದ್ದಕ್ಕೂ ದುಡ್ಡು ಕೊಡ್ತೀನಿ" ಎಂದು ಮೊದಲೇ ಹೇಳಿ. ಅವನಿಗೂ ಅಳಿಸುವುದಕ್ಕಿಂತ ಹೆಚ್ಚಿನ ವಿದ್ಯೆ ಗೊತ್ತಿರುತ್ತದೆ, ಕೇಳುವವರಿರಲಿಲ್ಲ ಅಷ್ಟೇ. ಅದಕ್ಕೂ ಮುಂಚೆ, ಬರುವ ಭಾನುವಾರ, ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆದಿಟ್ಟುಬಿಡಿ.